ಊರಿಗೆ ಹೋಗದ ವಾರಾಂತ್ಯ: ಬೆಂಗಳೂರಲ್ಲಿ ಎಲ್ಲಿ ಸುತ್ತಬೇಕು, ಎಲ್ಲಿ ಕೂರಬೇಕು

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಊರಿಗೆ ಹೊರಟವರದೇ ಜಾತ್ರೆ. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಕಲಬುರಗಿ, ಎಲ್ಲ ಬಸ್ಸೂ ಭರ್ತಿ. ಸೀಟು ಸಿಗದವರು, ಈ ವಾರ ಬೇಡ ಅಂದುಕೊಂಡವರು ಇಲ್ಲೇ ಉಳಿಯುತ್ತಾರೆ. ಅವರಲ್ಲಿ ಬಹಳ ಜನ ಶನಿವಾರ ಮಾಲ್‌ಗೆ ಹೋಗುತ್ತಾರೆ. ಭಾನುವಾರ ಕತ್ತಲಲ್ಲೇ ಎದ್ದು ನಂದಿ ಬೆಟ್ಟದ ದಾರಿಯಲ್ಲಿ ಗಾಡಿಗಳ ಸಾಲಲ್ಲಿ ನಿಲ್ಲುತ್ತಾರೆ. ಸೋಮವಾರ ಕೆಲಸಕ್ಕೆ ಹೊರಟಾಗ ಶುಕ್ರವಾರಕ್ಕಿಂತ ಜಾಸ್ತಿ ಸುಸ್ತು.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಲ್ಲೇ. ಕೆಲಸಕ್ಕೆಂದು ಬಂದ ಗೆಳೆಯ ಗೆಳತಿಯರು "ಇಲ್ಲಿ ಒಂದು ದಿನ ನೆಮ್ಮದಿಯಾಗಿ ಇರೋದಕ್ಕೆ ಜಾಗಾನೇ ಇಲ್ಲ" ಅಂದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಜಾಗ ಇದೆ. ಹಳೆಯ ಬಡಾವಣೆಗಳಲ್ಲಿ ನೆರಳಿದೆ, ಬಂಡೆಗಳಿವೆ, ಒಳ್ಳೆ ಕಾಫಿಯಿದೆ, ಇಡೀ ಮಧ್ಯಾಹ್ನ ಕೂರಲು ಬಿಡುವ ಓದುವ ಕೋಣೆಗಳಿವೆ. ಯಾವ ಹೊತ್ತಿಗೆ, ಯಾವ ದಾರಿಯಲ್ಲಿ, ಯಾವುದಾದ ಮೇಲೆ ಯಾವುದು ಅನ್ನುವುದು ಗೊತ್ತಿದ್ದರೆ ಸಾಕು.

ಮೊದಲನೆಯದು: ಒಂದು ದಿನಕ್ಕೆ ಒಂದೇ ಬಡಾವಣೆ

ಲಾಲ್‌ಬಾಗ್, ಕಬ್ಬನ್ ಪಾರ್ಕ್, ಇಸ್ಕಾನ್, ಬನ್ನೇರುಘಟ್ಟ ಎಲ್ಲವನ್ನೂ ಒಂದೇ ದಿನಕ್ಕೆ ಸೇರಿಸಿದ ಪಟ್ಟಿ ಸಿಕ್ಕರೆ ಪಕ್ಕಕ್ಕಿಡಿ. ಅದರಲ್ಲಿ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಒಂದು ಬಡಾವಣೆ ಆರಿಸಿ. ಅಲ್ಲಿ ನಾಲ್ಕು ಕೆಲಸ: ಬೆಳಗಿನ ನಡಿಗೆ, ತಿಂಡಿ, ನೋಡಲು ಒಂದು ಜಾಗ, ಕೂರಲು ಒಂದು ಜಾಗ. ಈ ಕೊನೆಯದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ. ನೋಡುವ ಜಾಗ ತಪ್ಪಿದರೂ ಪರವಾಗಿಲ್ಲ, ಕೂರುವ ಜಾಗ ತಪ್ಪಬಾರದು.

ಯಾವ ಬಡಾವಣೆ ಅನ್ನುವುದನ್ನು ನಿಮ್ಮ ದಣಿವು ಎಂಥದ್ದು ಅಂತ ನೋಡಿ ಆರಿಸಿ. ಕಂಪ್ಯೂಟರ್ ನೋಡಿ ನೋಡಿ ಕಣ್ಣು, ತಲೆ ಭಾರವಾಗಿದ್ದರೆ ಲಾಲ್‌ಬಾಗ್ ಅಥವಾ ಕಬ್ಬನ್ ಪಾರ್ಕ್. ಮನೆ ನೆನಪಾಗಿ ಮನಸ್ಸು ಸಪ್ಪಗಿದ್ದರೆ ಬಸವನಗುಡಿ ಅಥವಾ ಮಲ್ಲೇಶ್ವರ. ಅಲ್ಲಿ ಸುತ್ತ ಕನ್ನಡ ಕಿವಿಗೆ ಬೀಳುತ್ತದೆ, ದೇವಸ್ಥಾನದ ಗಂಟೆ, ತರಕಾರಿ ಚೌಕಾಸಿ ಎಲ್ಲ ಇರುತ್ತದೆ. ಏನೂ ಹೊಸದಿಲ್ಲ ಅನ್ನಿಸಿ ಬೇಸರವಾಗಿದ್ದರೆ ಹಳೇ ಪೇಟೆಗೆ ಹೋಗಿ.

ಎರಡನೆಯದು: ಹೊತ್ತು ಮತ್ತು ಗಾಡಿ

ಸ್ವಂತ ಗಾಡಿ ಬೇಡ. ನಾನು ಇಲ್ಲಿ ಹೇಳುವ ಜಾಗಗಳಲ್ಲಿ ಹೆಚ್ಚಿನವು ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಲಾಲ್‌ಬಾಗ್, ಬಸವನಗುಡಿ, ಪೇಟೆ, ಮಲ್ಲೇಶ್ವರ ನಾಲ್ಕೂ ಹಸಿರು ಮಾರ್ಗದಲ್ಲಿವೆ. ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ ನೇರಳೆ ಮಾರ್ಗದಲ್ಲಿ. ಎರಡೂ ಸೇರುವುದು ಮೆಜೆಸ್ಟಿಕ್‌ನಲ್ಲಿ. ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗವೂ ಇದೆ. ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಆಯಿತು. ರಾಜ್ಯದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಇದೆ.

ಒಂದು ಮಾತು ನೆನಪಿರಲಿ. ಭಾನುವಾರ ಮೆಟ್ರೊ ಬೆಳಗ್ಗೆ 7ಕ್ಕೆ ಶುರುವಾಗುತ್ತದೆ, ಬೇರೆ ದಿನ ಅದಕ್ಕಿಂತ ಬೇಗ. ಹೂವಿನ ಮಾರುಕಟ್ಟೆಯಂಥ ನಸುಕಿನ ಜಾಗಕ್ಕೆ ಹಾಗಾಗಿ ಶನಿವಾರವೇ ಒಳ್ಳೆಯದು. ಹೋಟೆಲ್‌ಗಳಲ್ಲೂ ಅವತ್ತು ರಶ್ ಕಮ್ಮಿ.

ಕೈಯಲ್ಲಿ ನೀರಿನ ಬಾಟಲಿ, ಮಡಚಿದ ಬಟ್ಟೆ ಚೀಲ, ಒಂದು ಪುಸ್ತಕ. ಕಾಲಿಗೆ ಸುಲಭವಾಗಿ ಬಿಚ್ಚುವ ಚಪ್ಪಲಿ, ದೇವಸ್ಥಾನದ ಮುಂದೆ ಶೂ ಲೇಸ್ ಬಿಚ್ಚುತ್ತ ಕೂರುವ ಕಷ್ಟ ಇರುವುದಿಲ್ಲ.

ಲಾಲ್‌ಬಾಗ್: ಪಶ್ಚಿಮ ದ್ವಾರದಿಂದ ಬಂಡೆಯವರೆಗೆ

ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರದಲ್ಲೇ ಇದೆ. ಬೆಳಗ್ಗೆ 6ಕ್ಕೆ ಬಾಗಿಲು ತೆರೆಯುತ್ತದೆ. ಆದಷ್ಟು ಬೇಗ ಒಳಗಿರಿ. ಬಿಸಿಲೇರಿದ ಮೇಲೆ ಬಂದವರು ನೋಡುವ ಲಾಲ್‌ಬಾಗೇ ಬೇರೆ.

1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ ಇದು. ಈಗ 240 ಎಕರೆ. ಅಷ್ಟನ್ನೂ ಸುತ್ತುವ ಹಟ ಬೇಡ. ಮೊದಲು ಕೆರೆಯ ಕಡೆ ನಡೆಯಿರಿ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿರುತ್ತವೆ, ಬೆಳ್ಳಕ್ಕಿಗಳು ದಡದಲ್ಲಿ ನಿಂತಿರುತ್ತವೆ. ಏರಿ ಮೇಲೆ ನಿಧಾನಕ್ಕೆ ಹೋಗಿ. ಆಮೇಲೆ ದೊಡ್ಡ ಬೂರುಗದ ಮರ ಹುಡುಕಿ. ಅದರ ಬೇರುಗಳು ನೆಲದಿಂದ ಹಟ್ಟಿಯ ಗೋಡೆಯ ಹಾಗೆ ಎದ್ದಿವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅವರು ಅಲ್ಲಿಂದ ಕದಲುವುದಿಲ್ಲ.

ಗಾಜಿನ ಮನೆ 1889ರದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ ಕಟ್ಟಿದ್ದು. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಹೊತ್ತಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ರದರ್ಶನ ನೋಡಲೇಬೇಕೆಂದರೆ ವಾರದ ನಡುವೆ ಒಂದು ಬೆಳಗ್ಗೆ ಹೋಗಿ. ನೆಮ್ಮದಿ ಬೇಕೆಂದರೆ ಆ ವಾರಗಳಲ್ಲಿ ಲಾಲ್‌ಬಾಗ್ ಸಹವಾಸ ಬೇಡ.

ಕೊನೆಗೆ ಬಂಡೆ. ನನ್ನ ಪ್ರಕಾರ ಇಡೀ ಬೆಂಗಳೂರಲ್ಲಿ ಕೂರಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಬೆಳಗ್ಗೆ ಕಲ್ಲು ತಣ್ಣಗಿರುತ್ತದೆ, ಗಾಳಿ ಬೀಸುತ್ತಿರುತ್ತದೆ, ಸುತ್ತಲೂ ಮರಗಳ ತಲೆ ಕಾಣುತ್ತವೆ. ಫೋನ್ ಚೀಲದೊಳಗಿಟ್ಟು ಸುಮ್ನೆ ಅರ್ಧ ಗಂಟೆ ಕೂತು ನೋಡಿ. ಹನ್ನೊಂದರ ಮೇಲೆ ಕಲ್ಲು ಕಾಯುತ್ತದೆ, ಅಷ್ಟರೊಳಗೆ ಇಳಿದುಬಿಡಿ.

ಬಂಡೆಯ ಹತ್ತಿರದ ಮುಖ್ಯದ್ವಾರದಿಂದ ಹೊರಬಂದು ಲಾಲ್‌ಬಾಗ್ ರಸ್ತೆಯಲ್ಲಿ ನಡೆದರೆ ಎಂಟಿಆರ್. 1924ರಿಂದ ಇರುವ ಹೋಟೆಲ್. ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅನ್ನುತ್ತಾರೆ, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ. ಮೇಲೆ ತುಪ್ಪ ಹಾಕಿಕೊಂಡು ತಿನ್ನಿ. ಸೋಮವಾರ ರಜೆ.

ಬಸವನಗುಡಿ: ಇಡೀ ದಿನ ಇಲ್ಲೇ ಇರಿ

ಒಂದೇ ಒಂದು ಕಡೆ ಹೋಗಲು ಸಮಯವಿದ್ದರೆ ಬಸವನಗುಡಿಗೆ ಹೋಗಿ ಅಂತ ನಾನು ಹೇಳುತ್ತೇನೆ. 1898ರಲ್ಲಿ ಪ್ಲೇಗ್ ಬಂದಾಗ ಇಕ್ಕಟ್ಟಿನ ಪೇಟೆ ಬಿಟ್ಟು ಬಂದ ಜನ ಈ ಬಡಾವಣೆಯಲ್ಲೂ ಮಲ್ಲೇಶ್ವರದಲ್ಲೂ ಮನೆ ಕಟ್ಟಿಕೊಂಡರು. ಗಾಳಿ ಬೆಳಕಿಗೆಂದೇ ಅಗಲ ರಸ್ತೆ, ಸಾಲುಮರ, ಪಾರ್ಕು ಇಟ್ಟು ಯೋಜಿಸಿದ್ದರು. ಇವತ್ತು ನಾವು ಅನುಭವಿಸುತ್ತಿರುವ ನೆರಳು ಅದೇ.

ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿಯಿರಿ. ನೇರ ತಿಂಡಿಗೆ ಹೋಗಬೇಡಿ, ಮೊದಲು ಬ್ಯೂಗಲ್ ರಾಕ್ ಪಾರ್ಕಿಗೆ ನಡೆಯಿರಿ. ಹಳಬರು ಕಹಳೆ ಬಂಡೆ ಅನ್ನುತ್ತಾರೆ. ಒಳಗೆ ಬಂಡೆಗಳ ನಡುವೆ ದೊಡ್ಡ ಮರಗಳು. ಕೊಂಬೆಗಳಲ್ಲಿ ನೂರಾರು ಬಾವಲಿಗಳು ತಲೆಕೆಳಗಾಗಿ ತೂಗುತ್ತಿರುತ್ತವೆ. ಡಿ.ವಿ. ಗುಂಡಪ್ಪನವರ ಪ್ರತಿಮೆಯೂ ಇಲ್ಲಿದೆ. ಅವರ ಹೆಸರಿನ ರಸ್ತೆಯಲ್ಲಿ ನೀವು ಆಮೇಲೆ ನಡೆಯುತ್ತೀರಿ. ಪಾರ್ಕಿನ ಮಗ್ಗುಲಲ್ಲೇ ದೊಡ್ಡ ಗಣಪತಿ, ಮೇಲೆ ದೊಡ್ಡ ಬಸವಣ್ಣ. ಒಂದೇ ಕಲ್ಲಿನಲ್ಲಿ ಕಡೆದ ಬಸವ. ವೃಷಭಾವತಿ ನದಿ ಈ ಬಸವನ ಪಾದದಲ್ಲಿ ಹುಟ್ಟುತ್ತದೆ ಅನ್ನುವುದು ನಂಬಿಕೆ. ಆ ನದಿಗೆ ನಾವು ಊರವರು ಏನು ಮಾಡಿದ್ದೇವೆ ಅನ್ನುವುದು ಮೈಸೂರು ರಸ್ತೆಯಲ್ಲಿ ಓಡಾಡುವವರಿಗೆ ಗೊತ್ತು. ಇಲ್ಲಿ ನಿಂತಾಗಲೆಲ್ಲ ನನಗೆ ಅದು ನೋಯುತ್ತದೆ.

ಈಗ ತಿಂಡಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಮಸಾಲೆ ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮಾಣಿಗಳು ಕೈತುಂಬ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡುವುದೇ ಚೆಂದ. ಶುಕ್ರವಾರ ರಜೆ. ಶನಿವಾರ ಭಾನುವಾರ ಕಾಯಬೇಕಾಗುತ್ತದೆ, ಹೆಸರು ಬರೆಸಿ ನಿಲ್ಲಿ. ಶನಿವಾರ ಅಷ್ಟು ಕಾಯಲು ಆಗದಿದ್ದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಿ. ಇಡ್ಲಿ, ವಡೆ, ಖಾರಾಭಾತ್, ಕೇಸರಿಭಾತ್, ಕಾಫಿ ಇಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಆ ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಳ್ಳದವರನ್ನು ನಾನು ನೋಡಿಲ್ಲ. ರಸ್ತೆಬದಿಯಲ್ಲಿ ನಿಂತೇ ತಿನ್ನಬೇಕು.

ತಿಂದಾದ ಮೇಲೆ ಗಾಂಧಿ ಬಜಾರ್. ಬಟ್ಟೆ ಚೀಲ ಹೊರಗೆ ತೆಗೆಯಿರಿ. ಹೂವು, ಬಾಳೆಲೆ, ಹಣ್ಣು, ಗ್ರಂಧಿಗೆ ಅಂಗಡಿ ಎಲ್ಲ ಒಂದೇ ಬೀದಿಯಲ್ಲಿ. ಡಿಸೆಂಬರ್, ಜನವರಿಯಲ್ಲಿ ಹೋದರೆ ಸೊಗಡಿನ ಅವರೆಕಾಯಿ ರಾಶಿ ಬಿದ್ದಿರುತ್ತದೆ. ರೂಮಿನಲ್ಲಿ ಸಣ್ಣ ಸ್ಟೌ ಇದ್ದರೂ ಸಾಕು, ಒಂದು ಕೆಜಿ ತಗೊಂಡು ಹೋಗಿ. ಕೂತು ಬಿಡಿಸುವುದೇ ಒಂದು ವಿಶ್ರಾಂತಿ. ಕನ್ನಡ ಪುಸ್ತಕಕ್ಕೆ ಅಂಕಿತ ಪುಸ್ತಕ ಇಲ್ಲೇ ಇದೆ. ಹೊಸದಾಗಿ ಬಂದ ಕನ್ನಡ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ನೋಡಲು ಇಂಥ ಅಂಗಡಿಗಳು ನಗರದಲ್ಲಿ ಜಾಸ್ತಿ ಉಳಿದಿಲ್ಲ. ಅದಕ್ಕೇ ಹೇಳುತ್ತೇನೆ, ಅಲ್ಲಿಗೆ ಹೋದಾಗ ಒಂದಾದರೂ ಕೊಳ್ಳಿ.

ಬಿಸಿಲಿನ ಹೊತ್ತಿಗೆ ಕೂರುವ ಜಾಗ ಬೇಕು. ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ವಾಡಿಯಾ ಅವರೇ 1945ರಲ್ಲಿ ಕಟ್ಟಿದ ಸಂಸ್ಥೆ. ಗ್ರಂಥಾಲಯ ಇದೆ, ಓದುವ ಕೋಣೆ ಇದೆ, ಸಂಜೆ ಉಪನ್ಯಾಸ, ಸಂಗೀತದ ಕಾರ್ಯಕ್ರಮಗಳು ಉಚಿತವಾಗಿ ನಡೆಯುತ್ತವೆ. ಮಧ್ಯಾಹ್ನ ಹೋಗಿ ಓದುತ್ತ ಕೂತು, ಕಾರ್ಯಕ್ರಮ ಮುಗಿಸಿಕೊಂಡೇ ಹೊರಬನ್ನಿ. ಓದಲು ಮನಸ್ಸಿಲ್ಲದಿದ್ದರೆ ಕೃಷ್ಣರಾವ್ ಪಾರ್ಕಿನ ಬೆಂಚು. ಅಲ್ಲಿ ವಯಸ್ಸಾದವರು ಕೂತಿರುತ್ತಾರೆ. ಪಕ್ಕದಲ್ಲಿ ಕೂತ ಸ್ವಲ್ಪ ಹೊತ್ತಿಗೆ "ಯಾವೂರಮ್ಮ ನಿಮ್ದು?" ಅಂತ ಕೇಳುತ್ತಾರೆ. ಉತ್ತರ ಕೊಡಿ. ಅವರಿಗೆ ನಿಮ್ಮೂರಿನ ಯಾರೋ ಒಬ್ಬರು ಗೊತ್ತಿದ್ದೇ ಇರುತ್ತಾರೆ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂದರೆ ಬಸವನಗುಡಿಯ ರಸ್ತೆಗಳೆಲ್ಲ ಕಡಲೆಕಾಯಿ ಪರಿಷೆ. ಹಿಂದೆ ಸುತ್ತಲಿನ ಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವ ಬಂದು ತಿನ್ನುತ್ತಿತ್ತಂತೆ. ಮೊದಲ ಬೆಳೆ ನಿನಗೇ ಅಂತ ಹರಕೆ ಹೊತ್ತರಂತೆ. ಜಂಗುಳಿ ಇಷ್ಟವಿಲ್ಲದವರು ಸೋಮವಾರದ ಹಿಂದಿನ ದಿನಗಳಲ್ಲಿ ಬೆಳಗ್ಗೆಯೇ ಹೋಗಿ. ಅಂಗಡಿಗಳು ಆಗಲೇ ಕೂತಿರುತ್ತವೆ.

ಪೇಟೆ: ನಸುಕಿಗೆ ಹೂವು, ಆಮೇಲೆ ಓಣಿಗಳು

1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಇದು. ವಿಶ್ರಾಂತಿಗೆ ಪೇಟೆಯೇ ಅಂತ ಕೇಳಬಹುದು. ಗದ್ದಲವಿದೆ, ನಿಜ. ಆದರೆ ತಲೆಯಲ್ಲಿ ಸುತ್ತುತ್ತಿರುವ ಆಫೀಸು ಇಲ್ಲಿ ಐದು ನಿಮಿಷ ಉಳಿಯುವುದಿಲ್ಲ.

ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು, ಬೆಳಕು ಹರಿಯುವ ಹೊತ್ತಿಗೆ ಹೂವಿನ ಮಾರುಕಟ್ಟೆಯೊಳಗಿರಿ. ಮೊದಲು ಮಹಡಿ ಹತ್ತಿ ಮೇಲಿನಿಂದ ನೋಡಿ. ಸೇವಂತಿಗೆ, ಚೆಂಡು ಹೂ, ಕನಕಾಂಬರ, ಸುಗಂಧರಾಜ, ಮೂಟೆ ಮೂಟೆ ಬಿಚ್ಚಿರುತ್ತಾರೆ. ಆಮೇಲೆ ಕೆಳಗಿಳಿಯಿರಿ. ನೆಲ ಒದ್ದೆಯಿರುತ್ತದೆ, ಹಮಾಲಿಗಳು "ಸೈಡು, ಸೈಡು" ಅಂತ ಹೊರೆ ಹೊತ್ತು ಬರುತ್ತಾರೆ. ಅವರಿಗೆ ದಾರಿ ಬಿಡಿ. ನಡುದಾರಿಯಲ್ಲಿ ನಿಂತು ಫೋಟೊ ತೆಗೆಯಬೇಡಿ, ಅದು ಅವರ ದುಡಿಮೆಯ ಹೊತ್ತು. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಯ ಹಿಂದಿನ ದಿನ ಬೆಲೆಯೂ ಜನವೂ ಎರಡೂ ವಿಪರೀತ.

ಮಾರುಕಟ್ಟೆ ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ. ಅದಕ್ಕೆ ಅಂಟಿಕೊಂಡಂತೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿಸಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ಮರದ ಕಂಬ, ಮರದ ಕಮಾನು. ಪೇಟೆಯಲ್ಲಿ ಕೂರುವ ಜಾಗ ಅಂತಿದ್ದರೆ ಅದು ಈ ಅರಮನೆಯ ಮುಂದಿನ ತೋಟ. ಅಲ್ಲಿಂದ ಅವೆನ್ಯೂ ರಸ್ತೆ ಹಿಡಿದು ಹಳೇ ಪುಸ್ತಕದ ಅಂಗಡಿಗಳನ್ನು ನೋಡುತ್ತ ಚಿಕ್ಕಪೇಟೆ ಕಡೆಗೆ ಬನ್ನಿ. ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಮಾರುವ ಅಂಗಡಿಗಳಿವೆ. ಬಾಗಿಲಲ್ಲಿ ನಿಂತರೆ ಯಾರಾದರೂ ಶ್ರುತಿ ಕೂಡಿಸುವುದು ಕೇಳಿಸೀತು. ಚಿಕ್ಕಪೇಟೆ ನಿಲ್ದಾಣದಲ್ಲೇ ವಾಪಸ್ ಮೆಟ್ರೊ ಹತ್ತಿ.

ಚೈತ್ರದ ಹುಣ್ಣಿಮೆ ರಾತ್ರಿ ಮಾತ್ರ ಈ ಕ್ರಮವೆಲ್ಲ ಬಿಟ್ಟುಬಿಡಿ. ಅವತ್ತು ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತದೆ. ರಾತ್ರಿಯಿಡೀ ಪೇಟೆ ಎಚ್ಚರವಿರುತ್ತದೆ, ನೀವೂ ಇರಿ.

ಮಲ್ಲೇಶ್ವರ

ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಮಾರ್ಗೋಸಾ ರಸ್ತೆ ಹಿಡಿಯಿರಿ. ಬೆಣ್ಣೆ ಮಸಾಲೆ ಬೇಕೆಂದರೆ 7ನೇ ಕ್ರಾಸಿನ ಸಿಟಿಆರ್, ಇಡ್ಲಿ ಬೇಕೆಂದರೆ 15ನೇ ಕ್ರಾಸಿನ ಹತ್ತಿರ ವೀಣಾ ಸ್ಟೋರ್ಸ್. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿಗೆ ನಂದಿತೀರ್ಥ ಇದೆ. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹರಿಯುತ್ತದೆ. 1990ರ ದಶಕದ ಕೊನೆಯವರೆಗೂ ಇದು ಮಣ್ಣಿನಡಿ ಮುಚ್ಚಿಹೋಗಿತ್ತು. ಮೆಟ್ಟಿಲ ಮೇಲೆ ಕೂತರೆ ಬರೀ ನೀರಿನ ಸದ್ದು. 8ನೇ ಕ್ರಾಸಿನ ಸಂತೆ ಸಂಜೆಗೆ ಚೆಂದ. ಹಬ್ಬದ ಹಿಂದಿನ ದಿನ ಇನ್ನೂ ಚೆಂದ. ಅದಕ್ಕೂ ಮೊದಲು ಸ್ಯಾಂಕಿ ಕೆರೆಯ ಸುತ್ತ ಒಂದು ನಡಿಗೆ ಮುಗಿಸಿ. 1882ರಲ್ಲಿ ಕಟ್ಟಿದ ಕೆರೆ. ಹೊತ್ತು ಮುಳುಗುವ ಸಮಯಕ್ಕೆ ಹೋದರೆ ಒಳ್ಳೆಯದು.

ಕಬ್ಬನ್ ಪಾರ್ಕ್ ಮತ್ತು ಪುಸ್ತಕದ ಬೀದಿ

ಭಾನುವಾರ ಪಾರ್ಕಿನ ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಇಲ್ಲಿಗೆ ಭಾನುವಾರವೇ ಬನ್ನಿ. ಬಿದಿರಿನ ಮೆಳೆಗಳ ಹತ್ತಿರ ನೆರಳು ಜಾಸ್ತಿ. ಓದಲೆಂದೇ ಬರುವುದಾದರೆ ಮಾತ್ರ ಶನಿವಾರ. ಅವತ್ತು ಬೆಳಗ್ಗೆ ಹುಲ್ಲಿನ ಮೇಲೆ ಚಾಪೆ ಹಾಸಿ ಮೌನವಾಗಿ ಪುಸ್ತಕ ಓದುವವರ ಗುಂಪು ಸೇರುತ್ತದೆ. ಯಾರು ಬೇಕಾದರೂ ಪುಸ್ತಕ ತಂದು ಕೂರಬಹುದು, ಯಾರೂ ಮಾತಾಡಿಸುವುದಿಲ್ಲ. ಒಬ್ಬರೇ ಇರುವವರಿಗೆ ಇದು ಬಹಳ ಒಳ್ಳೆ ಜಾಗ. ಪಾರ್ಕಿನೊಳಗಿನ ಕೆಂಪು ಕಟ್ಟಡ ರಾಜ್ಯ ಕೇಂದ್ರ ಗ್ರಂಥಾಲಯ, ಕಟ್ಟಡದ ಹೆಸರು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ.

ಸಂಜೆ ಎಂ.ಜಿ. ರಸ್ತೆಯ ಕಡೆ ನಡೆದರೆ ಚರ್ಚ್ ಸ್ಟ್ರೀಟ್. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹಳೇ ಪುಸ್ತಕ ಅಗ್ಗಕ್ಕೆ ಸಿಗುತ್ತವೆ.

ಮರಗಳ ಲೆಕ್ಕ ಇಟ್ಟುಕೊಳ್ಳಿ

ಯಾವ ತಿಂಗಳು ಎಲ್ಲಿಗೆ ಅನ್ನುವುದನ್ನು ಬೆಂಗಳೂರಲ್ಲಿ ಮರಗಳೇ ಹೇಳುತ್ತವೆ. ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಜರ್ಮನಿಯ ತೋಟಗಾರ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ರಸ್ತೆಬದಿಯ ಮರಗಳನ್ನು ಆರಿಸಿದರು. ಜನವರಿಯಿಂದ ಗುಲಾಬಿ ಬಣ್ಣದ ಟಬೂಬಿಯಾ. ಫೆಬ್ರವರಿ, ಮಾರ್ಚಿಗೆ ಹಳದಿ ಟಬೂಬಿಯಾ, ನೇರಳೆ ಜಕರಂಡ. ಯುಗಾದಿಯ ಹೊತ್ತಿಗೆ ಹೊಂಗೆ ಹೂ ಉದುರಿ ಬೀದಿಯೆಲ್ಲ ತುಂಬಿರುತ್ತದೆ. ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್. ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ. ಅದನ್ನು ನೋಡಲು ಬೆಳಗ್ಗೆ ಹೋಗಿ, ನೆಲದ ಮೇಲೆ ಬಿದ್ದಿರುವುದನ್ನು ಆರಿಸಿಕೊಳ್ಳಿ. ಜಯನಗರದ ಒಳರಸ್ತೆಗಳು ಫೆಬ್ರವರಿ, ಮಾರ್ಚಿನಲ್ಲಿ ಬರೀ ಟಬೂಬಿಯಾ, ಜಕರಂಡ ನೋಡುವುದಕ್ಕೇ ಒಂದು ಬೆಳಗಿನ ನಡಿಗೆಗೆ ಸಾಕು.

ಸ್ವಲ್ಪ ದೂರ ಹೋಗುವ ಮನಸ್ಸಿದ್ದರೆ ಬೇಗೂರು

ಐಟಿ ಕಂಪನಿಗಳ ನಡುವೆಯೇ ಇರುವ ಹಳೆಯ ಊರು. ಹಳದಿ ಮಾರ್ಗದ ಹೊಂಗಸಂದ್ರದಲ್ಲಿ ಇಳಿದು ಆಟೊ ಹಿಡಿಯಿರಿ. ಇಲ್ಲಿನ ನಾಗೇಶ್ವರ ದೇವಸ್ಥಾನ ಗಂಗರ ಕಾಲದ್ದು. ಸುಮಾರು 890ರ ಒಂದು ಶಾಸನದಲ್ಲಿ "ಬೆಂಗಳೂರು ಕಾಳಗ"ದ ಮಾತು ಬರುತ್ತದೆ. ಕೆಂಪೇಗೌಡರಿಗಿಂತ ಆರು ನೂರು ವರ್ಷ ಮೊದಲೇ ಈ ಹೆಸರು ಇತ್ತು ಅಂತಾಯಿತು. ಬೆಂದಕಾಳೂರಿನ ಕತೆ ಹೇಳುವವರಿಗೆ ನಾನು ಬೇಗೂರಿಗೆ ಹೋಗಿ ಬನ್ನಿ ಅನ್ನುತ್ತೇನೆ. ಪಕ್ಕದಲ್ಲಿ ದೊಡ್ಡ ಕೆರೆಯಿದೆ. ಬೆಳಗ್ಗೆ ಬೇಗ ಹೋದರೆ ಹಕ್ಕಿಗಳೂ ಇರುತ್ತವೆ. ಹತ್ತಿರದ ಅಪಾರ್ಟ್‌ಮೆಂಟ್‌ಗಳಲ್ಲಿ ವರ್ಷಗಟ್ಟಲೆ ಇದ್ದೂ ಇದನ್ನು ನೋಡದವರು ಬಹಳ ಜನ. ಮೊದಲು ಅವರು ಹೋಗಲಿ.

ಸಂಜೆಗೆ ನಾಟಕ

ಇಡೀ ದಿನ ಮನೆಯಲ್ಲೇ ಮಲಗಿದ್ದರೂ ಸಂಜೆಯನ್ನು ಉಳಿಸಿಕೊಳ್ಳಬಹುದು. ಜೆ.ಪಿ. ನಗರ 2ನೇ ಹಂತದಲ್ಲಿ ರಂಗಶಂಕರ ಇದೆ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ ರಂಗಮಂದಿರ, 2004ರಿಂದ ನಡೆಯುತ್ತಿದೆ. ಸೋಮವಾರ ಬಿಟ್ಟರೆ ಹೆಚ್ಚುಕಮ್ಮಿ ದಿನವೂ ನಾಟಕ. ರಾತ್ರಿ 7:30ಕ್ಕೆ ಶುರು, ಭಾನುವಾರ ಮಧ್ಯಾಹ್ನವೂ ಒಂದು ಪ್ರದರ್ಶನ ಇರುತ್ತದೆ. ಸಮಯ ಅಂದರೆ ಸಮಯ. ಬಾಗಿಲು ಮುಚ್ಚಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ, ಟಿಕೆಟ್ ಕೈಯಲ್ಲಿದ್ದರೂ ಅಷ್ಟೆ. ಟ್ರಾಫಿಕ್ಕಿಗೆ ಒಂದು ಗಂಟೆ ಜಾಸ್ತಿ ಇಟ್ಟುಕೊಂಡು ಹೊರಡಿ. ಬೇಗ ತಲುಪಿದರೆ ಒಳಗಿನ ಕೆಫೆಯಲ್ಲಿ ಕೂತು ಏನಾದರೂ ತಿನ್ನಬಹುದು.

ಕನ್ನಡ ನಾಟಕ ಇರುವ ದಿನ ನೋಡಿ ಟಿಕೆಟ್ ತೆಗೆಯಿರಿ. ಹಳದಿ ಮಾರ್ಗದ ರಾಗಿಗುಡ್ಡ ನಿಲ್ದಾಣ ಹತ್ತಿರ, ಅಲ್ಲಿಂದ ಆಟೊ. ನಾಟಕ ಮುಗಿಯುವುದು ಒಂಬತ್ತು, ಒಂಬತ್ತೂವರೆಗೆ. ನಿಮ್ಮ ನಿಲ್ದಾಣಕ್ಕೆ ಕೊನೆಯ ಮೆಟ್ರೊ ಎಷ್ಟಕ್ಕೆ ಅನ್ನುವುದನ್ನು ಒಳಗೆ ಹೋಗುವ ಮುಂಚೆಯೇ ನೋಡಿಕೊಂಡಿರಿ.